ಒಣ ತೂಕ

ಖಮೀಸ್ ಅಂದರೆ ಗುರುವಾರ.
ಮುದುಕ ಬರುವುದು ಮಾತ್ರ ಶನಿವಾರ, ಸೋಮವಾರ, ಬುಧವಾರ,
ಅಳಿಯನ ಪಿಕಪ್ಪಿನಲ್ಲಿ, ಮೀನುಬಲೆಯ ವಾಸನೆಯ ಜೊತೆ.
ಚಪ್ಪಲಿ ಬಿಟ್ಟು, ಕಸೂತಿ ಟೊಪ್ಪಿ ತೆಗೆದು,
ಊರುಗೋಲನ್ನು ಗೋಡೆಗೆ ಆನಿಸಿ,
ಕಿಸೆಯ ಚಿಲ್ಲರೆಯನ್ನೂ ನನ್ನ ಅಂಗೈಗೆ ಸುರಿದು
ತೂಕದ ಮಣೆ ಹತ್ತುತ್ತಾನೆ,
ಉಸಿರು ಹಿಡಿದರೆ ಹಗುರಾದೇನೋ ಎಂಬಂತೆ.

ಒಣ ತೂಕ ಐವತ್ತೆಂಟು.
ಇವತ್ತು ಅರವತ್ತೊಂದೂವರೆ.

"ಎರಡು ದಿನಕ್ಕೆ ಮೂರೂವರೆ ಲೀಟರಾ?"
ನನ್ನ ಹರಕು ಅರಬ್ಬಿಯಲ್ಲಿ ಗದರುತ್ತೇನೆ.
ಅವನು ಕಿಟಕಿಯತ್ತ ಗಲ್ಲ ಎತ್ತುತ್ತಾನೆ.
ಹೊರಗೆ ಜೂನ್. ಅಳಿವೆಯ ನೀರು ಕಾದ ತಗಡು.
"ಉಪ್ಪು ತಿಂದಿದ್ದೀರಿ."
"ಒಂದೇ ಒಂದು ಒಣಮೀನು."
ಒಂದೇ ಒಂದು ಅನ್ನುವುದು ಎಲ್ಲ ಭಾಷೆಯಲ್ಲೂ ಸುಳ್ಳೇ.

ನಾನು ಸಾಣಿಕಟ್ಟೆಯವಳು.
ಅವ್ವ ಉಪ್ಪಿನಾಗರದಲ್ಲಿ ಹಲಗೆ ಎಳೆದೂ ಎಳೆದೂ
ಅಂಗಾಲು ಬಿರಿದ ದುಡ್ಡಲ್ಲಿ ನನ್ನ ನರ್ಸಿಂಗ್ ಆಯಿತು.
ಉಪ್ಪಿನಿಂದ ಬೆಳೆದವಳು ಇಲ್ಲಿ ದಿನವಿಡೀ
ಕಂಡವರ ತಾಟಿನಿಂದ ಉಪ್ಪು ಕದಿಯುತ್ತೇನೆ.
ಉಪ್ಪು ತಿಂದವ ನೀರು ಕುಡಿಯಲೇಬೇಕು ಅನ್ನುವುದು
ನಮ್ಮ ವಾರ್ಡಿನಲ್ಲಿ ಗಾದೆಯಲ್ಲ, ಚಾರ್ಟು.

ಈ ಊರು ಸೂರ್. ನಮ್ಮಲ್ಲಿ ಸೂರು ಅಂದರೆ ಮಾಡಿನ ಅಂಚು,
ನೀರು ಇಳಿಯುವ ಜಾಗ, ಅಂದಾಗ ಖಮೀಸ್ ನಕ್ಕ.
ಅವನಪ್ಪನ ಹಾಯಿಹಡಗು ಮಂಗಳೂರಿಂದ ಹೆಂಚು ತರುತ್ತಿತ್ತಂತೆ,
ಹುಡುಗ ಇವನು ಹೆಂಚಿನ ರಾಶಿಯ ಮೇಲೆ ಮಲಗಿ ಬಂದವನಂತೆ.
"ಹೊಸ ಹೆಂಚಿಗೆ ನೀರು ಚಿಮುಕಿಸಿದರೆ
ಚುಯ್ ಅಂತ ಕುಡಿಯುತ್ತದೆ," ಎಂದು ನಾಲಿಗೆ ಚಪ್ಪರಿಸಿದ.
ಎಲ್ಲಿಂದ ಹೊರಟರೂ ಅವನ ಮಾತು ನೀರಿಗೇ ಬಂದು ನಿಲ್ಲುತ್ತದೆ.

ಎಡಮುಂಗೈಯಲ್ಲಿ ನಾಳ ಹುರಿಹಗ್ಗದಂತೆ ಎದ್ದಿದೆ.
ಬೆರಳಿಟ್ಟರೆ ಗುಂಯ್,
ಹಲಗೆಯಾಚೆ ದೋಣಿಯ ಇಂಜಿನ್ನು ಕೇಳಿದ ಹಾಗೆ.
ಆ ಸದ್ದು ಇದ್ದರೆ ಇವತ್ತಿನ ದಿನ ಇದೆ.
ಎರಡು ಸೂಜಿ, ಒಂದು ಒಯ್ಯಲು, ಒಂದು ತರಲು.
ಬಿಸ್ಮಿಲ್ಲಾ ಅವನದು. ನನ್ನದು ಬರೀ ತುಟಿ.

ಐದನೇ ಮಂಚದಲ್ಲಿ ಲಿಂಗಸುಗೂರಿನ ಮೌನೇಶ,
ಇಪ್ಪತ್ತಾರು. ಸೆಂಟ್ರಿಂಗ್ ಕೆಲಸ.
ಪಾಯಖಾನೆ ದೂರ, ಎದ್ದುಹೋದರೆ ಮೇಸ್ತ್ರಿ ಬೈತಾನಂತ
ಆ ಬಿಸಿಲಲ್ಲಿ ನೀರೇ ಕುಡಿಯದೆ ತಿಂಗಳು ದೂಡಿದವ.
ಒಂದು ಮಧ್ಯಾಹ್ನ ಸರಳುಗಳ ಪಕ್ಕ ಸರಳಾಗಿ ಬಿದ್ದ.
"ಉಚ್ಚಿ ಬಂತೇನ್ರಿ ಅಕ್ಕಾ?" ಗಂಟೆಗೊಮ್ಮೆ ಕೇಳುತ್ತಾನೆ,
ಊರಿನ ಬಸ್ಸು ಬಂತೇನ್ರಿ ಅಂದ ಹಾಗೆ.
ವಾರವಿಡೀ ಬಗ್ಗಿ ಬಗ್ಗಿ ಚೀಲ ನೋಡಿದ್ದೇನೆ,
ಎಂಟು ಎಮ್ಮೆಲ್. ಹನ್ನೊಂದು. ಮತ್ತೆ ಎಂಟು. ಚಹಾದ ಗಸಿಯ ಬಣ್ಣ.
ಇವತ್ತು ಬೆಳಿಗ್ಗೆ ನಲವತ್ತು.
ಹತ್ತು ಗಂಟೆಗೆ ತೊಂಬತ್ತು, ತಿಳಿ, ಒಣಹುಲ್ಲಿನ ಬಣ್ಣ.
ಅಳತೆಯ ಜಾರನ್ನು ಬೆಳಕಿಗೆ ಹಿಡಿದೆ.
ಉಚ್ಚೆ ಕಂಡು ಕಣ್ಣು ತುಂಬುವವರು ಲೋಕದಲ್ಲಿ ಇಬ್ಬರೇ,
ಹಸುಗೂಸಿನ ತಾಯಿ, ಮತ್ತೆ ನಾವು.
ಮೌನೇಶ ಅದರ ಫೋಟೋ ತೆಗೆದು ಹೆಂಡತಿಗೆ ಕಳಿಸಿದ.

ಹನ್ನೊಂದೂವರೆಗೆ ಖಮೀಸನ ಮೀನಖಂಡ ಗಂಟಾಯಿತು.
ಅಂಗಾಲನ್ನು ನನ್ನ ಸೊಂಟಕ್ಕೊತ್ತಿ ನೂಕಿ ಹಿಡಿದೆ.
ಹಿಡಿದದ್ದೇ, ನನ್ನ ಕೆಳಹೊಟ್ಟೆಯಲ್ಲಿ ಕಿಡಿ ಹಾರಿ ಮುಖ ಕಿವುಚಿತು.
"ಬೆಳಿಗ್ಗೆಯಿಂದ ನೀನು ಒಂದು ಸಲವೂ ಹೋಗಿಲ್ಲ," ಅಂದ.
"ಎಲ್ಲಿಗೆ?"
"ಆ ಬಾಗಿಲ ಒಳಗೆ. ನೀರೂ ಕುಡಿದಿಲ್ಲ.
ನಾಲ್ಕು ಗಂಟೆ ಮಲಗಿದವನಿಗೆ ಎಣಿಸಲು ಬೇರೇನಿದೆ, ಮಗಳೇ."

ಮೂರು ದಿನದಿಂದ ಉರಿ. ಯಾರಿಗೂ ಹೇಳಿರಲಿಲ್ಲ.
ಒಳಗೆ ಹೋದದ್ದು, ಹೊರಗೆ ಬಂದದ್ದು ಎಲ್ಲರದೂ ಬರೆಯುವವಳಿಗೆ
ಆ ಹಾಳೆಯಲ್ಲಿ ಕಾಲಮ್ಮಿಲ್ಲ.

"ಕುಡಿ. ಇಲ್ಲೇ."
"ನಿಮ್ಮೆದುರು ಬೇಡ."
"ನನ್ನೆದುರಿಗೇ."

ಬಾಟಲಿ ಎತ್ತಿದೆ.
ಅವನು ಎವೆಯಿಕ್ಕದೆ ನನ್ನ ಗಂಟಲು ನೋಡಿದ.
ನನ್ನ ಒಂದೊಂದು ಗುಟುಕಿಗೂ
ಅವನ ಗಂಟಲ ಗಂಟು ಮೇಲೇರಿ ಇಳಿಯಿತು.
ಅರ್ಧ ಲೀಟರು.
"ತಣ್ಣಗಿತ್ತಾ?"
"ಹೂಂ."
ಕಣ್ಣು ಮುಚ್ಚಿದ.

ಮತ್ತೆ ಮಣೆ. ಐವತ್ತೆಂಟು ಇನ್ನೂರು.
ಆ ಇನ್ನೂರರ ಬಗ್ಗೆ ಇಬ್ಬರೂ ಮಾತಾಡಲಿಲ್ಲ.
ಚಿಲ್ಲರೆ ವಾಪಸು ಕೊಟ್ಟೆ. ಒಂದೊಂದೇ ಎಣಿಸಿಕೊಂಡ,
ನನ್ನ ಮೇಲೆ ನಂಬಿಕೆಯೇ ಇಲ್ಲದವನ ಹಾಗೆ.
ಆಮೇಲೆ ಊರುಗೋಲೆತ್ತಿ ಆ ಬಾಗಿಲು ತೋರಿಸಿ,
"ಯಲ್ಲಾ, ಹೋಗು," ಅಂದ.

ಹೋದೆ.